ಹಳೆಯ ಕಾರಿಗೆ ಹೊಸ ದಿಕ್ಸೂಚಿ

ನಮ್ಮ ಹಳ್ಳಿಗಳಲ್ಲಿ ದಾರಿ ಕೇಳಿ ನೋಡಿ. ಹಿರಿಯರು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುವುದಕ್ಕಿಂತ "ಕೆರೆ ಏರಿ ದಾಟಿ ಮೂಡಲಾಗಿ ಹೋಗಿ, ಆಲದಮರ ಸಿಕ್ಕಿದ ಮೇಲೆ ಬಡಗಲಾಗಿ ತಿರುಗಿ" ಎನ್ನುವುದೇ ಹೆಚ್ಚು. ಸೂರ್ಯ ಮೂಡುವ ಕಡೆ ಮೂಡಲು, ಪಡುವ ಕಡೆ ಪಡುವಲು. ಹೊಲದಲ್ಲಿ ನಿಂತವರಿಗೆ ಈ ಲೆಕ್ಕ ಸಹಜ. ಕಾರಿನೊಳಗೆ ಕುಳಿತವರಿಗೆ ಹಾಗಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಸುತ್ತಮುತ್ತಲ ದಾರಿಗಳಲ್ಲಿ ಮೋಡ ಕವಿದ ಸಂಜೆ ನಾಲ್ಕು ತಿರುವು ತಿರುಗಿದರೆ ಸಾಕು, ನೆಲಮಂಗಲ ಯಾವ ಕಡೆ, ಹೆಸರಘಟ್ಟ ಯಾವ ಕಡೆ ಎಂಬುದು ಪಟ್ಟಣದವರ ತಲೆಯಲ್ಲಿ ಕಲಸಿಹೋಗುತ್ತದೆ.

ಶನಿವಾರ ಚಿಕ್ಕಮಧುರೆಯ ಶನಿಮಹಾತ್ಮ ದೇವಾಲಯಕ್ಕೆ ಬರುವ ವಾಹನಗಳ ಸಾಲನ್ನು ನೀವು ಕಂಡಿರಬಹುದು. ಹೊಸ ಕಾರುಗಳ ನಡುವೆ ಒಮ್ಮೊಮ್ಮೆ ಹಳೆಯ ಅಂಬಾಸಡರ್ ಒಂದು ಗಂಭೀರವಾಗಿ ನಿಂತಿರುತ್ತದೆ. ಅದರ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಅದನ್ನು ಮಕ್ಕಳಂತೆ ಸಾಕುತ್ತಿರುವವರು ಇದ್ದಾರೆ. ಇಂಥ ಕಾರಿಗೆ ವಿದ್ಯುನ್ಮಾನ ದಿಕ್ಸೂಚಿಯ ಮಾಡ್ಯೂಲ್ ಒಂದನ್ನು ಕೂರಿಸಬಹುದೇ ಎಂಬುದು ಸಣ್ಣ ಪ್ರಶ್ನೆ. ಕೂರಿಸಬಹುದು. ಮೂರು ಮಿಲಿಮೀಟರ್ ಚದರದ ಒಂದು ಚಿಪ್ಪು, ಒಂದು ಪುಟ್ಟ ಪರದೆ, ಎರಡು ತಂತಿ. ಆದರೆ ಅದು ತೋರಿಸುವ ಉತ್ತರ ನಿಜವಾದ ಉತ್ತರವೇ ಎಂಬುದು ದೊಡ್ಡ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಮನುಷ್ಯನಿಗೆ ಸುಮಾರು ಇನ್ನೂರು ವರ್ಷ ಹಿಡಿಯಿತು, ನೂರಾರು ಜೀವಗಳೂ ಹೋದವು. ಆ ಕಥೆ ತಿಳಿದವರಿಗೆ ಕಾರಿನ ಕೆಲಸ ಸುಲಭ.

ಶಂಕುವಿನಿಂದ ಸೂಜಿಗಲ್ಲಿಗೆ

ದಿಕ್ಕನ್ನು ಗುರುತಿಸಲು ನಮ್ಮವರು ಮೊದಲು ನಂಬಿದ್ದು ಸೂರ್ಯನನ್ನು. ಸಮತಟ್ಟಾದ ನೆಲದಲ್ಲಿ ಒಂದು ಗೂಟ, ಅಂದರೆ ಶಂಕು, ನೆಟ್ಟು ಅದರ ಸುತ್ತ ವೃತ್ತ ಎಳೆಯುತ್ತಿದ್ದರು. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಜಾಗ ಒಂದು, ಮಧ್ಯಾಹ್ನದ ಮೇಲೆ ಮುಟ್ಟುವ ಜಾಗ ಇನ್ನೊಂದು. ಇವೆರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ. ಶುಲ್ಬಸೂತ್ರಗಳಲ್ಲಿ ಈ ವಿಧಾನ ಬಂದಿದೆ. ಕಟ್ಟಡದ ಕೆಲಸಕ್ಕೆ ನಾವು ಇಂದಿಗೂ ‘ಶಂಕುಸ್ಥಾಪನೆ’ ಎನ್ನುವಾಗ ಆ ಗೂಟದ ನೆನಪು ಮಾತಿನಲ್ಲಿ ಉಳಿದಿದೆ.

ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂಬ ಚೆಂದದ ಹೆಸರಿದೆ. ಕಾಂತೀಯ ಸೂಜಿ ನೇರ ದಕ್ಷಿಣಕ್ಕಲ್ಲದೆ ಕೊಂಚ ಓರೆಯಾಗಿ ನಿಲ್ಲುತ್ತದೆಂದು ಚೀನಾದ ಷೆನ್ ಕುವೊ 1088ರ ಹೊತ್ತಿಗೇ ಬರೆದಿಟ್ಟಿದ್ದ. ವಾಹನದಲ್ಲಿ ದಿಕ್ಕು ತೋರಿಸುವ ಹಂಬಲ ಅದಕ್ಕಿಂತಲೂ ಹಳೆಯದು. ಮೂರನೆಯ ಶತಮಾನದಲ್ಲಿ ಮಾ ಜುನ್ ಎಂಬಾತ ಕಟ್ಟಿದ ರಥವೊಂದರಲ್ಲಿ ಕಾಂತವೇ ಇರಲಿಲ್ಲ. ರಥ ತಿರುಗಿದಷ್ಟೂ ಅದರ ಮೇಲಿನ ಗೊಂಬೆಯನ್ನು ಹಲ್ಲುಚಕ್ರಗಳು ಹಿಂದಕ್ಕೆ ತಿರುಗಿಸಿ ಅದರ ಕೈ ಸದಾ ದಕ್ಷಿಣಕ್ಕೇ ಚಾಚಿರುವಂತೆ ಮಾಡುತ್ತಿದ್ದವು. ಉಪಾಯ ಸೊಗಸಾದದ್ದು. ಆದರೆ ಚಕ್ರ ಒಮ್ಮೆ ಜಾರಿದರೆ ಆ ತಪ್ಪು ಕೊನೆಯವರೆಗೂ ಜೊತೆಗೇ ಬರುತ್ತದೆ.

ಶ್ರೀರಂಗಪಟ್ಟಣದ ಒಂದು ರಾತ್ರಿ

ದಿಕ್ಸೂಚಿಯ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪುಟವಿದೆ. 1799ರ ಏಪ್ರಿಲ್ ಮೊದಲ ವಾರ. ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿದ್ದ ಇಂಗ್ಲಿಷ್ ಸೇನೆಯ ಜನರಲ್ ಬೇರ್ಡ್ ರಾತ್ರಿಯ ಹೊತ್ತು ಒಂದು ತೋಪನ್ನು ಜಾಲಾಡಿ ಬರಲು ಹೊರಟ. ತೋಪಿನಲ್ಲಿ ಯಾರೂ ಸಿಗಲಿಲ್ಲ. ದಂಡು ಶಿಬಿರದ ಕಡೆಗೆ ತಿರುಗಿತು. ಅಥವಾ ತಿರುಗಿತೆಂದು ಜನರಲ್ ಎಣಿಸಿದ. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಆಕಾಶ ನೋಡಿದ. ಸಪ್ತರ್ಷಿ ಮಂಡಲ ನೆತ್ತಿಯ ರೇಖೆಯ ಬಳಿ ಸ್ಪಷ್ಟವಾಗಿ ಕಾಣುತ್ತಿತ್ತು. ದಂಡು ನಡೆಯಬೇಕಾದದ್ದು ದಕ್ಷಿಣಕ್ಕೆ; ನಡೆಯುತ್ತಿದ್ದುದು ಉತ್ತರಕ್ಕೆ, ಟಿಪ್ಪುವಿನ ಸೇನೆಯ ಬಾಯಿಗೇ. ಲ್ಯಾಂಬ್ಟನ್ ಎಚ್ಚರಿಸಿದ. ನಕ್ಷತ್ರಗಳ ನೆರವಿಲ್ಲದೆ ದಾರಿ ನಡೆಯಲು ತನಗೆ ಬರುತ್ತದೆ ಎಂಬರ್ಥದ ಉತ್ತರ ಜನರಲ್‌ನಿಂದ ಬಂತು. ಸ್ವಲ್ಪದರಲ್ಲೇ ಎದುರಾಳಿಗಳ ಹೊರಠಾಣೆಯೊಂದು ಅಡ್ಡ ಸಿಕ್ಕಿತು. ಆಗ ಜನರಲ್‌ಗೆ ಅನುಮಾನ ಬಂದು, ದೀಪ ಹೊತ್ತಿಸಿ ಜೇಬಿನ ದಿಕ್ಸೂಚಿ ತೆಗೆದು ನೋಡಿದ. ನಕ್ಷತ್ರಗಳು ಹೇಳಿದ್ದೇ ಸರಿಯಾಗಿತ್ತು.

ಇದೇ ಲ್ಯಾಂಬ್ಟನ್ ಮರುವರ್ಷ, 1800ರಲ್ಲಿ, ಬೆಂಗಳೂರಿನ ಬಳಿ ಏಳೂವರೆ ಮೈಲಿಗೆ ಕೊಂಚ ಕಡಿಮೆಯ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಮುಂದೆ ಇಡೀ ಉಪಖಂಡವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಬೆಳೆದು ಬಂದದ್ದು ಆತನ ಈ ಕೆಲಸದಿಂದ. ಆ ರಾತ್ರಿಯ ಘಟನೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದಿಕ್ಸೂಚಿ ಆ ಹೊತ್ತಿಗೂ ಜೇಬಿನಲ್ಲೇ ಇತ್ತು. ಕೊರತೆಯಿದ್ದದ್ದು ಉಪಕರಣಕ್ಕಲ್ಲ, ಒಂದು ಸಾಕ್ಷಿಯನ್ನು ಇನ್ನೊಂದು ಸಾಕ್ಷಿಯೊಡನೆ ಹೋಲಿಸಿ ನೋಡುವ ತಾಳ್ಮೆಗೆ.

ಹಡಗನ್ನು ಕಾಡಿದ ಕಬ್ಬಿಣ

ಶನಿದೇವರಿಗೆ ಸಲ್ಲುವ ಲೋಹ ಕಬ್ಬಿಣ ಎಂದು ನಮ್ಮಲ್ಲಿ ನಂಬಿಕೆ. ದಿಕ್ಸೂಚಿಯ ಪಾಲಿಗಂತೂ ಹೆಗಲೇರಿದ ಶನಿ ಕಬ್ಬಿಣವೇ. ಮರದ ಹಡಗುಗಳ ಕಾಲದಲ್ಲೇ ಇದರ ಸುಳಿವು ಸಿಕ್ಕಿತ್ತು. 1801ರಿಂದ 1803ರವರೆಗೆ ಆಸ್ಟ್ರೇಲಿಯಾದ ಕರಾವಳಿಯನ್ನು ಅಳೆದ ಮ್ಯಾಥ್ಯೂ ಫ್ಲಿಂಡರ್ಸ್, ತನ್ನ ಹಡಗು ತಿರುಗಿದಂತೆ ಸೂಜಿಯ ತಪ್ಪೂ ಬದಲಾಗುವುದನ್ನು ಗಮನಿಸಿದ. ಹಡಗಿನೊಳಗಿನ ಕಬ್ಬಿಣವೇ ಕಾರಣವೆಂದು ಊಹಿಸಿ, ದಿಕ್ಸೂಚಿಯ ಪಕ್ಕದಲ್ಲಿ ನೆಟ್ಟಗೆ ಒಂದು ಕಬ್ಬಿಣದ ಸಲಾಕೆಯನ್ನಿಟ್ಟು ಆ ತಪ್ಪನ್ನು ತಪ್ಪಿನಿಂದಲೇ ಕಳೆಯುವ ದಾರಿ ತೋರಿಸಿದ.

ಮುಂದೆ ಹಡಗಿನ ಮೈಯೇ ಕಬ್ಬಿಣದ್ದಾಯಿತು. 1838ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ‘ರೇನ್‌ಬೋ’ ಎಂಬ ಕಬ್ಬಿಣದ ಹಡಗನ್ನು ನಿಂತಲ್ಲೇ ಸುತ್ತು ತಿರುಗಿಸಿ, ಪ್ರತಿ ದಿಕ್ಕಿನಲ್ಲಿ ಸೂಜಿ ಎಷ್ಟು ತಪ್ಪುತ್ತದೆ ಎಂದು ಬರೆದುಕೊಂಡು, ಕಾಂತಗಳನ್ನೂ ಮೆದು ಕಬ್ಬಿಣವನ್ನೂ ಇಟ್ಟು ಸರಿಪಡಿಸಿದ. ಸಮಸ್ಯೆ ತೀರಿತು ಎಂದು ಅನೇಕರು ಭಾವಿಸಿದರು. ತೀರಿರಲಿಲ್ಲ. 1854ರ ಜನವರಿಯಲ್ಲಿ ಲಿವರ್‌ಪೂಲಿನಿಂದ ಆಸ್ಟ್ರೇಲಿಯಾಕ್ಕೆ ಮೊದಲ ಯಾನ ಹೊರಟ ‘ಟೇಲರ್’ ಎಂಬ ಹೊಸ ಕಬ್ಬಿಣದ ಹಡಗು ಎರಡೇ ದಿನದಲ್ಲಿ ಐರ್ಲೆಂಡಿನ ಲ್ಯಾಂಬೇ ದ್ವೀಪದ ಬಂಡೆಗಳಿಗೆ ಬಡಿಯಿತು. ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ದಕ್ಷಿಣಕ್ಕೆ ಹೋಗುತ್ತಿದ್ದೇವೆಂದು ನಂಬಿದ್ದ ಹಡಗು ಪಶ್ಚಿಮಕ್ಕೆ ಸರಿದಿತ್ತು. ಅವಘಡಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಹಡಗಿನ ದಿಕ್ಸೂಚಿಗಳು ಸರಿಯಾಗಿರಲಿಲ್ಲ ಎಂಬುದು ಮುಖ್ಯವಾದದ್ದು.

ವಿಲಿಯಂ ಸ್ಕೋರ್ಸ್‌ಬಿ ಎಂಬ ಹಳೆಯ ನಾವಿಕ ಏರಿಯೊಡನೆ ವಾದಕ್ಕಿಳಿದ. ಹಡಗು ಕಟ್ಟುವಾಗ ಬೀಳುವ ಸುತ್ತಿಗೆಯ ಸಾವಿರಾರು ಪೆಟ್ಟುಗಳು ಕಬ್ಬಿಣದೊಳಗೆ ಕಾಂತತ್ವವನ್ನು ತುಂಬುತ್ತವೆ. ಕಡಲಿಗಿಳಿದ ಮೇಲೆ ಅಲೆಗಳ ಪೆಟ್ಟು ಅದನ್ನು ಮತ್ತೆ ಬದಲಿಸುತ್ತದೆ. ಆದ್ದರಿಂದ ಬಂದರಿನಲ್ಲಿ ಒಮ್ಮೆ ಸರಿಪಡಿಸಿದ್ದು ಸದಾಕಾಲಕ್ಕೆ ಸಾಲದು ಎಂಬುದು ಅವನ ವಾದ. ಅದನ್ನು ಪರೀಕ್ಷಿಸಲು 1856ರಲ್ಲಿ ಮುದಿವಯಸ್ಸಿನಲ್ಲಿ ಆಸ್ಟ್ರೇಲಿಯಾದವರೆಗೂ ಹಡಗಿನಲ್ಲಿ ಹೋಗಿಬಂದ. ಉತ್ತರ-ದಕ್ಷಿಣವಾಗಿ ಮಲಗಿಸಿದ ಕಬ್ಬಿಣವನ್ನು ಬಡಿದರೆ ಅದು ಕಾಂತವಾಗುತ್ತದೆ ಎಂದು ವಿಲಿಯಂ ಗಿಲ್ಬರ್ಟ್ 1600ರಲ್ಲೇ ತೋರಿಸಿದ್ದ. ಕೊನೆಗೆ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಜ್ಞಾನಿ, 1876ರಲ್ಲಿ ಹೊಸ ದಿಕ್ಸೂಚಿಗೆ ಹಕ್ಕುಸ್ವಾಮ್ಯ ಪಡೆದ. ಅದರ ಪೀಠದ ಎರಡು ಪಕ್ಕದಲ್ಲಿ ಕಬ್ಬಿಣದ ಗುಂಡು, ಕೆಳಗೆ ಸಣ್ಣ ಕಾಂತಗಳು, ಮುಂದೆ ಫ್ಲಿಂಡರ್ಸ್ ಸಲಾಕೆ. ಬೇಕೆಂದಾಗ ಮತ್ತೆ ಮತ್ತೆ ಸರಿಪಡಿಸಿಕೊಳ್ಳುವ ವ್ಯವಸ್ಥೆ ಅದು.

ಟ್ರಾಮ್ ಬಂತು, ಟಿ.ವಿ. ಬಂತು

ಕಬ್ಬಿಣದ ಜೊತೆಗೆ ಇನ್ನೊಂದು ಕಾಟ ವಿದ್ಯುತ್ತು. ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಭೂಕಾಂತತ್ವವನ್ನು ಅಳೆಯಲಾಗುತ್ತಿತ್ತು. ನಗರದಲ್ಲಿ ವಿದ್ಯುತ್ ಟ್ರಾಮ್ ಓಡಿಸುವ ಯೋಜನೆ ಬಂದಾಗ, ಹಳಿಗಳಲ್ಲಿ ಹರಿಯುವ ವಿದ್ಯುತ್ತು ಅಳತೆಯನ್ನೆಲ್ಲ ಕೆಡಿಸುತ್ತದೆಂದು ತಿಳಿದು, 1904ರಲ್ಲಿ ಕಡಲಾಚೆಯ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. ಕಾಂತಕ್ಕೆ ಸ್ಪಂದಿಸುವ ಯಾವ ವಸ್ತುವನ್ನೂ ಆ ಕಟ್ಟಡಕ್ಕೆ ಬಳಸಲಿಲ್ಲ. ಎರಡು ವರ್ಷ ಎರಡೂ ಕಡೆ ಅಳೆದು, ಲೆಕ್ಕ ತಾಳೆಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಿದರು. ಟ್ರಾಮ್ 1907ರಲ್ಲಿ ಓಡಿತು.

ಭೂಮಿಯ ಈ ಕಾಂತಕ್ಷೇತ್ರ ನಿಮ್ಮ ಮನೆಯ ನಡುಮನೆಯಲ್ಲೂ ಕೆಲಸ ಮಾಡಿದ್ದುಂಟು. ಗಾಜಿನ ಚಿತ್ರನಳಿಕೆಯ ಬಣ್ಣದ ಟಿ.ವಿ.ಗಳಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಧ್ವನಿವರ್ಧಕವನ್ನು ಪಕ್ಕದಲ್ಲಿಟ್ಟರೆ ಪರದೆಯ ಮೂಲೆ ಹಸಿರೋ ನೇರಳೆಯೋ ಆಗುತ್ತಿತ್ತು. ಸ್ವಿಚ್ ಹಾಕಿದ ಕೂಡಲೇ ‘ಡುಂ’ ಎಂಬ ಸದ್ದೊಂದು ಕೇಳುತ್ತಿತ್ತು. ನಳಿಕೆಯ ಸುತ್ತಲ ಸುರುಳಿಯೊಂದು ಒಳಗಿನ ಲೋಹದ ಜಾಲರಿಗೆ ಅಂಟಿದ ಕಾಂತತ್ವವನ್ನು ಅಳಿಸುವ ಸದ್ದು ಅದು. ‘ಡಿಗಾಸಿಂಗ್’ ಎಂಬ ಆ ವಿದ್ಯೆ ಎರಡನೆಯ ಮಹಾಯುದ್ಧದಲ್ಲಿ ಕಾಂತೀಯ ಸಿಡಿಬಾಂಬುಗಳಿಂದ ಹಡಗುಗಳನ್ನು ಉಳಿಸಲು ಹುಟ್ಟಿದ್ದು. ಟಿ.ವಿ. ಪೆಟ್ಟಿಗೆಗೆ ಬೇಕಾದ ಎಚ್ಚರ ಕಾರಿಗೂ ಬೇಕೆಂಬುದು ಇದರಿಂದ ನಿಮಗೆ ಹೊಳೆದಿರಬಹುದು.

ಸೂಜಿಯಿಲ್ಲದ ದಿಕ್ಸೂಚಿ

1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬಂಟಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ ಅವನ ವಿಮಾನದಲ್ಲಿ ಸೂಜಿಯ ದಿಕ್ಸೂಚಿಯ ಜೊತೆಗೆ ವಿದ್ಯುತ್ತಿನ ದಿಕ್ಸೂಚಿಯೂ ಇತ್ತು. ಗಾಳಿಯಿಂದ ತಿರುಗುವ ಸುರುಳಿಯೊಂದು ಭೂಕಾಂತ ಕ್ಷೇತ್ರದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತಿತ್ತು. ಇಲ್ಲಿನ ಮುಖ್ಯ ಪಾಠವೆಂದರೆ, ಕ್ಷೇತ್ರವನ್ನು ಅಳೆಯುವ ಭಾಗ ಎಂಜಿನ್ನಿನಿಂದ ದೂರ, ವಿಮಾನದ ಹಿಂಭಾಗದಲ್ಲಿತ್ತು. ಅದನ್ನು ತೋರಿಸುವ ಮುಳ್ಳು ಮಾತ್ರ ಚಾಲಕನ ಎದುರಿಗಿತ್ತು. ಸೂಜಿಯಲ್ಲಿ ಅಳೆಯುವುದೂ ತೋರಿಸುವುದೂ ಒಂದೇ ಕಡೆ ಆಗಬೇಕು. ವಿದ್ಯುತ್ತು ಬಂದ ಮೇಲೆ ಇವೆರಡನ್ನೂ ಬೇರ್ಪಡಿಸಬಹುದು.

1930ರ ದಶಕದಲ್ಲಿ ಫ್ಲಕ್ಸ್‌ಗೇಟ್ ಎಂಬ ಸಂವೇದಕ ಬಂತು. ಯುದ್ಧಕಾಲದ ವಿಮಾನಗಳಿಗೂ ಆಮೇಲೆ ಕಾರುಗಳಿಗೂ ಅದು ಸೇರಿತು. ಇಂದಿನ ಅನೇಕ ಚಿಪ್ಪುಗಳು ಇನ್ನೊಂದು ತತ್ತ್ವವನ್ನು ಬಳಸುತ್ತವೆ. ನಿಕ್ಕಲ್-ಕಬ್ಬಿಣದ ತೆಳುಪದರದ ವಿದ್ಯುತ್ ರೋಧ, ಕಾಂತಕ್ಷೇತ್ರದ ದಿಕ್ಕು ಬದಲಾದಂತೆ ಕೊಂಚ ಬದಲಾಗುತ್ತದೆ. ಕಬ್ಬಿಣ, ನಿಕ್ಕಲ್‌ಗಳ ಈ ಗುಣವನ್ನು 1850ರ ದಶಕದಲ್ಲಿ ಕಂಡುಹಿಡಿದವನು ಬೇರಾರೂ ಅಲ್ಲ, ಹಡಗಿನ ದಿಕ್ಸೂಚಿಯನ್ನು ತಿದ್ದಿದ ಅದೇ ವಿಲಿಯಂ ಥಾಮ್ಸನ್.

ಕಾರಿನೊಳಗೆ ಕೂರಿಸುವ ಬಗೆ

ಈಗ ನಿಮ್ಮ ಹಳೆಯ ಕಾರಿಗೆ ಬರೋಣ. ಅದೊಂದು ಪುಟ್ಟ ಕಬ್ಬಿಣದ ಹಡಗು ಎಂದೇ ತಿಳಿಯಿರಿ. ಅದರ ಉಕ್ಕಿನ ಮೈಗೆ ಎರಡು ಬಗೆಯ ದೋಷಗಳಿವೆ. ಒಂದು, ತಾನೇ ಕಾಂತವಾಗಿಬಿಟ್ಟ ಭಾಗಗಳದ್ದು. ಅದು ಕಾರಿನ ಜೊತೆಗೇ ತಿರುಗುತ್ತದೆ. ಇನ್ನೊಂದು, ತಾನು ಕಾಂತವಲ್ಲದಿದ್ದರೂ ಭೂಮಿಯ ಕ್ಷೇತ್ರವನ್ನು ಎಳೆದು ಬಾಗಿಸುವ ಮೆದು ಕಬ್ಬಿಣದ್ದು. ಕಾರನ್ನು ಒಂದು ಸುತ್ತು ತಿರುಗಿಸಿ, ಸಂವೇದಕದ ಎರಡು ಅಕ್ಷಗಳ ಅಂಕಿಗಳನ್ನು ಕಾಗದದ ಮೇಲೆ ಗುರುತಿಸಿದರೆ ದೋಷವಿಲ್ಲದಾಗ ನಡುವಿನಲ್ಲಿ ಚೊಕ್ಕ ವೃತ್ತ ಬರಬೇಕು. ಮೊದಲ ದೋಷವಿದ್ದರೆ ವೃತ್ತದ ಕೇಂದ್ರ ಪಕ್ಕಕ್ಕೆ ಸರಿಯುತ್ತದೆ. ಎರಡನೆಯದಿದ್ದರೆ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ರಂಗೋಲಿ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಡ್ಯೂಲು ಮಾಡುವುದಿಷ್ಟೇ: ಸರಿದ ಕೇಂದ್ರವನ್ನು ಕಂಡುಹಿಡಿದು ಕಳೆಯುತ್ತದೆ; ಉತ್ತಮ ಮಾಡ್ಯೂಲಾದರೆ ಮೊಟ್ಟೆಯನ್ನು ಮತ್ತೆ ವೃತ್ತ ಮಾಡುತ್ತದೆ. ಏರಿ ಹಡಗನ್ನು ಸುತ್ತಿಸಿ ಕಾಂತಗಳನ್ನಿಟ್ಟು ಮಾಡಿದ ಕೆಲಸವನ್ನು ಇಲ್ಲಿ ಲೆಕ್ಕ ಮಾಡುತ್ತದೆ.

ಇನ್ನು ವಿದ್ಯುತ್ತಿನ ಮಾತು. ಹಳೆಯ ಕಾರುಗಳಲ್ಲಿ ದೀಪಕ್ಕೆ ಹೋಗುವ ತಂತಿ ಒಂದೇ. ವಿದ್ಯುತ್ತು ಹಿಂದಿರುಗುವುದು ಕಾರಿನ ಮೈಯ ಮೂಲಕ. ಮುಂದಿನ ಎರಡು ದೀಪಗಳಿಗೆ 9 ಆಂಪಿಯರ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಆ ತಂತಿಯಿಂದ 10 ಸೆಂಟಿಮೀಟರ್ ದೂರದಲ್ಲಿ 18 ಮೈಕ್ರೊಟೆಸ್ಲಾ ಕ್ಷೇತ್ರ ಹುಟ್ಟುತ್ತದೆ. ನಮ್ಮ ಭಾಗದಲ್ಲಿ ಭೂಮಿಯ ಅಡ್ಡ ಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಎರಡೂ ಒಂದಕ್ಕೊಂದು ಲಂಬವಾಗಿದ್ದರೆ ದಿಕ್ಕು 24 ಡಿಗ್ರಿ ತಪ್ಪುತ್ತದೆ. ದೀಪ ಹಾಕಿದ ಕ್ಷಣವೇ ಉತ್ತರ ಹೋಗಿ ಈಶಾನ್ಯದ ಹತ್ತಿರ ನಿಂತರೆ ಆಶ್ಚರ್ಯಪಡಬೇಡಿ. ಆದ್ದರಿಂದ ಸಂವೇದಕಕ್ಕೆ ಡ್ಯಾಶ್‌ಬೋರ್ಡಿನ ಒಳಭಾಗ ಸರಿಯಲ್ಲ. ಮುಂದಿನ ಗಾಜಿನ ಮೇಲ್ಭಾಗದ ನಡುವೆ, ಚಾವಣಿಯ ಅಂಚಿನಿಂದ ಸಾಧ್ಯವಾದಷ್ಟು ಕೆಳಗೆ ಅದಿರಲಿ. ವೈಪರ್ ಮೋಟಾರು, ಧ್ವನಿವರ್ಧಕ, ಇಗ್ನಿಷನ್ ಕಾಯಿಲ್ ಇವುಗಳಿಂದ ದೂರವಿರಲಿ. ಪರದೆ ಮಾತ್ರ ಚಾಲಕನ ಎದುರಿಗೆ. ಲಿಂಡ್‌ಬರ್ಗನ ವಿಮಾನದ ಪಾಠವೇ ಇದು. ಮಾಡ್ಯೂಲಿಗೆ ಬರುವ ಎರಡು ತಂತಿಗಳನ್ನು ಜಡೆಯಂತೆ ಹೆಣೆಯಿರಿ. ಹೋಗುವ ಮತ್ತು ಬರುವ ವಿದ್ಯುತ್ತು ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತದೆ. ಬ್ಯಾಟರಿಯ 12 ವೋಲ್ಟನ್ನು ಮಾಡ್ಯೂಲಿಗೆ ಬೇಕಾದಷ್ಟಕ್ಕೆ ಇಳಿಸುವ ನಿಯಂತ್ರಕವೂ ಒಂದು ಫ್ಯೂಸೂ ಇರಲೇಬೇಕು.

ತಿರುಪಿನಿಂದ ಬಿಗಿಯುವ ಮೊದಲು ಅಂಟುಪಟ್ಟಿಯಿಂದ ನಿಲ್ಲಿಸಿ ಪರೀಕ್ಷೆ ಮಾಡಿ. ಕಾರನ್ನು ನಿಲ್ಲಿಸಿಕೊಂಡು ದೀಪ, ವೈಪರ್, ಹಾರನ್, ಬ್ರೇಕ್ ದೀಪ ಒಂದೊಂದನ್ನೂ ಹಾಕಿ ಅಂಕಿ ಅಲುಗುತ್ತದೆಯೇ ನೋಡಿ. ಅಲುಗಿದರೆ ಜಾಗ ಬದಲಿಸಿ. ವೃತ್ತದ ಲೆಕ್ಕ ಈ ದೋಷವನ್ನು ತಿದ್ದಲಾರದು, ಏಕೆಂದರೆ ಅದು ಸ್ವಿಚ್ಚಿನೊಡನೆ ಬಂದು ಹೋಗುವಂಥದು. ಆಮೇಲೆ ಊರ ಹೊರಗಿನ ಬಯಲಿಗೆ ಹೋಗಿ, ಟ್ರಾನ್ಸ್‌ಫಾರ್ಮರ್, ಕಾಂಕ್ರೀಟ್ ಸೇತುವೆ, ಬೇರೆ ವಾಹನಗಳಿಂದ ದೂರದಲ್ಲಿ, ನಿಧಾನವಾಗಿ ಎರಡು ಮೂರು ಪೂರ್ತಿ ಸುತ್ತು ಹೊಡೆಯಿರಿ. ಕಾರು ಟಿಂಕರಿಂಗ್ ಶೆಡ್ಡಿಗೆ ಹೋಗಿ ಬಂದಾಗಲೆಲ್ಲ, ವೆಲ್ಡಿಂಗ್ ಆದಾಗಲೆಲ್ಲ ಈ ಸುತ್ತನ್ನು ಮತ್ತೆ ಹಾಕಬೇಕು. ಗಿಲ್ಬರ್ಟ್ ಕಂಡ ಸುತ್ತಿಗೆಯ ಪೆಟ್ಟು, ಸ್ಕೋರ್ಸ್‌ಬಿ ಹೆದರಿದ ಸುತ್ತಿಗೆಯ ಪೆಟ್ಟು ಅಲ್ಲಿಯೂ ಬಿದ್ದಿರುತ್ತದೆ.

ನಮ್ಮ ನೆಲದ ಅನುಕೂಲ

ಈ ವಿಷಯದಲ್ಲಿ ಮಧುರೆಯ ಕಾರಿಗೆ ಲಂಡನ್ನಿನ ಕಾರಿಗಿಂತ ಅದೃಷ್ಟ ಹೆಚ್ಚು. ಭೂಕಾಂತ ಕ್ಷೇತ್ರ ಎಲ್ಲೆಡೆ ನೆಲಕ್ಕೆ ಸಮಾನಾಂತರವಾಗಿಲ್ಲ. ಲಂಡನ್ನಿನಲ್ಲಿ ಅದು ಸುಮಾರು 66 ಡಿಗ್ರಿ ನೆಲದೊಳಕ್ಕೆ ಬಾಗಿದೆ. ಅಲ್ಲಿ ಅಡ್ಡಲಾಗಿ ಉಳಿಯುವ ಬಲ ನಮ್ಮದರ ಅರ್ಧದಷ್ಟೇ. ಕಾಂತೀಯ ಸಮಭಾಜಕ ರೇಖೆ ಕೇರಳ-ತಮಿಳುನಾಡುಗಳ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ತುಂಬಾದಲ್ಲಿ ರಾಕೆಟ್ ಕೇಂದ್ರ ಆರಂಭವಾಗಲು ಇದೂ ಒಂದು ಕಾರಣ. ನಮ್ಮಲ್ಲಿ ಬಾಗು 12 ಡಿಗ್ರಿಯ ಆಸುಪಾಸು. ಏರಿನ ರಸ್ತೆಯಲ್ಲಿ ಕಾರು 10 ಡಿಗ್ರಿ ಓರೆಯಾದರೆ ಲಂಡನ್ನಿನಲ್ಲಿ ದಿಕ್ಕು 20 ಡಿಗ್ರಿಗೂ ಹೆಚ್ಚು ತಪ್ಪಬಹುದು. ಇಲ್ಲಿ ಎರಡು ಡಿಗ್ರಿಯ ಆಸುಪಾಸು ಮಾತ್ರ. ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರವೂ ಬೆಂಗಳೂರಿನ ಸುತ್ತ ಒಂದೆರಡು ಡಿಗ್ರಿ ಮೀರದು. ಕುದುರೆಮುಖದಂಥ ಮ್ಯಾಗ್ನಟೈಟ್ ಅದಿರಿನ ಬೆಟ್ಟಗಳ ಮಾತು ಮಾತ್ರ ಬೇರೆ. ಅಲ್ಲಿ ನೆಲವೇ ಸೂಜಿಗಲ್ಲು.

ಉಪಗ್ರಹಗಳಿರುವಾಗ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರಲ್ಲಿ ಮೇಲೇರಿತು. ಅದರ ನಿರ್ವಹಣೆಯ ಕೇಂದ್ರ ಬೆಂಗಳೂರು ಬಳಿಯ ಬ್ಯಾಲಾಳಿನಲ್ಲಿದೆ. ಉಪಗ್ರಹ ನೀವು ಎಲ್ಲಿದ್ದೀರಿ ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಯಾವ ಕಡೆಗೆ ಮುಖ ಮಾಡಿದ್ದೀರಿ ಎಂಬುದು ಒಂದೇ ಆಂಟೆನಾದ ಸಾಮಾನ್ಯ ಸಾಧನಕ್ಕೆ ತಿಳಿಯುವುದು ನೀವು ಚಲಿಸಿದ ಮೇಲೆಯೇ. ನಾಲ್ಕು ದಾರಿ ಕೂಡುವಲ್ಲಿ ನಿಂತಾಗ ಬೇಕಾಗುವುದು ಎರಡನೆಯ ಉತ್ತರ. ಹೊರಾಂಗಣ ಚಿತ್ರೀಕರಣಕ್ಕೆ ಹೋದಾಗ ನಾಳೆ ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ಹಿಂದಿನ ಸಂಜೆಯೇ ನಿರ್ಧರಿಸಬೇಕಾದ ನಮ್ಮಂಥವರಿಗಂತೂ ಅದು ಬೇಕೇ ಬೇಕು.

ಕೊನೆಯ ಪರೀಕ್ಷೆಯನ್ನು ಸೂರ್ಯನಿಂದಲೇ ಮಾಡಿಸಿ. ಮಧುರೆಯಲ್ಲಿ ಸೂರ್ಯ ನಡುನೆತ್ತಿಯ ರೇಖೆಗೆ ಬರುವುದು ಗಡಿಯಾರದ 12ಕ್ಕಲ್ಲ, ಸರಾಸರಿ 12 ಗಂಟೆ 20 ನಿಮಿಷಕ್ಕೆ. ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಆಚೀಚೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅತಿ ಗಿಡ್ಡವಾದಾಗ ಅದು ಬಿದ್ದಿರುವ ರೇಖೆಯೇ ಉತ್ತರ-ದಕ್ಷಿಣ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಆ ನೆರಳು ದಕ್ಷಿಣಕ್ಕೆ, ಉಳಿದ ತಿಂಗಳುಗಳಲ್ಲಿ ಉತ್ತರಕ್ಕೆ ಬೀಳುತ್ತದೆ ಎಂಬುದನ್ನು ಮರೆಯಬೇಡಿ. ಆ ಎರಡು ಗಡಿಗಳ ಹತ್ತಿರದ ದಿನಗಳಲ್ಲಿ ನೆರಳೇ ಇರದು, ಪರೀಕ್ಷೆಯನ್ನು ಮುಂದೂಡಿ. ಕಾರನ್ನು ನೆರಳಿನ ರೇಖೆಗೆ ಸರಿಯಾಗಿ ನಿಲ್ಲಿಸಿ ಪರದೆ ನೋಡಿ. ಐದು ಡಿಗ್ರಿಯೊಳಗೆ ಹೊಂದಿಕೆಯಾದರೆ ಕೆಲಸ ಚೆನ್ನಾಗಿ ಆಗಿದೆ. ಅಂಕಿ ಹಾಗೆ ಹೊಂದದೆ ಹೋದರೆ ನೆರಳಿನ ಮಾತನ್ನೇ ನಂಬಿ, ಮತ್ತೊಂದು ಸುತ್ತು ಹೊಡೆಯಿರಿ. ಸಾವಿರಾರು ರೂಪಾಯಿಯ ಉಪಕರಣಕ್ಕೂ ಒಂದು ಕೋಲಿನ ಸಾಕ್ಷಿ ಬೇಕಾಗುತ್ತದೆ. ಆ ಸಾಕ್ಷಿಯನ್ನು ಕೇಳಲು ಖರ್ಚೇನೂ ಇಲ್ಲ.